ಭಾಗಾಬಾಯಿ ಬೇಯಿಸಿದ ಸೀಗಡಿ ಚಿಪ್ಪು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ನೂಲು ಕುದಿಸಿದ್ದ ಭಾಗಾಬಾಯಿ, ಅದು ಮುಚ್ಚಿದ ಮೇಲೆ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದಳು. ೧೯೫೭ನೇ ಇಸವಿ. ರಸಾಯನಶಾಸ್ತ್ರ ಕಲಿಸುವ ಅಣ್ಣಾರಾಯರು ಮುಂಬಯಿಯಿಂದ ರೈಲಿನಲ್ಲಿ ಒಂದು ಚೀಲ ಸೀಗಡಿ ಚಿಪ್ಪು ತರಿಸಿದಾಗ ಇಡೀ ಕಾಲೇಜು ಮೂಗು ಮುಚ್ಚಿಕೊಂಡಿತು. ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಭಾಗಾಬಾಯಿ ಮಾತ್ರ ಚೀಲ ಬಿಚ್ಚಿ ತೊಳೆಯಲು ಕೂತಳು.

"ಇದನ್ನೇನ್ ಮಾಡ್ತೀರಿ ಸರ?"

"ಚಿಪ್ಪಿನ್ಯಾಗಿನ ಸುಣ್ಣ, ಮಾಂಸದ ಅಂಶ ತೆಗೆದ್ರ ಒಂದು ನಾರು ಉಳೀತದ ಮಾವಶಿ. ಅದನ್ನ ಗಟ್ಟಿ ಕಾಸ್ಟಿಕ್ ಸೋಡಾದಾಗ ಬೇಯಿಸಿದ್ರ ಹುಳಿನೀರಿನ್ಯಾಗ ಕರಗ್ತದ. ನೂಲಿಗೆ ಗಂಜಿ ಮಾಡಬಹುದು. ಈಗ ಗಂಜಿಗೆ ಹೋಗೂ, ಜನ ತಿನ್ನೂ ಹಿಟ್ಟು ಉಳೀತದ."

ತೇಜಾಬಿನಲ್ಲಿ, ಅಂದರೆ ಆಮ್ಲದಲ್ಲಿ, ಸುಣ್ಣ ಹೋಯಿತು. ತೆಳು ಸೋಡಾದಲ್ಲಿ ಮಾಂಸದ ಅಂಶವೂ ಹೋಯಿತು. ತೆಳು ಚೂರುಗಳಂಥ ಬಿಳಿ ಹಳಕುಗಳು ಉಳಿದವು. ಆದರೆ ಗಟ್ಟಿ ಸೋಡಾದಲ್ಲಿ ದಿನವಿಡೀ ಬೇಯಿಸಿದರೂ ಅವು ಹುಳಿನೀರಿನಲ್ಲಿ ಉಬ್ಬಿ ತಳಕ್ಕೆ ಕೂತವೇ ಹೊರತು ಕರಗಲಿಲ್ಲ. ಉರಿ ಹೆಚ್ಚಿಸಿದರೆ ಕಂದು ಬಣ್ಣಕ್ಕೆ ತಿರುಗಿದವು. ನಾಲ್ಕನೆಯ ಸಲವೂ ಹಾಗೇ ಆದಾಗ ಅಣ್ಣಾರಾಯರು ಕಡಾಯಿ ಇಳಿಸಿ ತಲೆ ಹಿಡಿದು ಕೂತರು.

ಭಾಗಾಬಾಯಿಗೆ ತಡೆಯಲಾಗಲಿಲ್ಲ.

"ಸಿಟ್ಟಾಗಬ್ಯಾಡ್ರಿ ಸರ. ನೂಲು ನಾವು ಒಂದ ಸೋಡಾದಾಗ ದಿನಪೂರ್ತಿ ಕುದಿಸ್ತಿದ್ದಿಲ್ಲ. ನಡುವ ತೆಗೆದು, ಚೊಲೋತ್ನ್ಯಾಗ ತೊಳೆದು, ಹೊಸಾ ಸೋಡಾದಾಗ ಹಾಕ್ತಿದ್ವಿ. ಹಳೀ ಸೋಡಾದ ಕಸುವು ಹೋಗಿರ್ತದ."

ಅಣ್ಣಾರಾಯರು ಎದ್ದು ನಿಂತರು. ತಾವು ಓದಿದ್ದೆಲ್ಲ ಒಂದು ಕಡೆ, ಅವಳು ಕೆಲಸದಲ್ಲಿ ಕಲಿತದ್ದು ಒಂದು ಕಡೆ. ಸವಟನ್ನು ಅವಳ ಕೈಗೆ ಕೊಟ್ಟು, "ಹಂಗಾರ ನೀವ ಮಾಡ್ರಿ ಮಾವಶಿ" ಅಂದರು.

ಮರುದಿನ ಅವಳು ಸೆರಗು ಸಿಕ್ಕಿಸಿ, ರಬ್ಬರಿನ ಕೈಗವಸು ತೊಟ್ಟು ಒಲೆಯ ಮುಂದೆ ನಿಂತಳು. ಎರಡು ತಾಸು ಬೇಯಿಸಿದಳು. ಹಳಕಿನ ಜಾರುತನ ಹೋಗುವವರೆಗೆ ತೊಳೆದಳು. ಹೊಸ ಸೋಡಾ ಹಾಕಿದಳು. ಹೀಗೆ ಮೂರು ಸಲ. ಸಂಜೆ ಆ ಹಳಕುಗಳನ್ನು ಹುಳಿನೀರಿಗೆ ಹಾಕಿ ತಿರುವಿದಾಗ ಒಂದೊಂದೇ ಮಾಯವಾಗಿ, ಗಾಜಿನ ಪಾತ್ರೆಯಲ್ಲಿ ಜೇನಿನಷ್ಟು ಮಂದವಾದ ತಿಳಿ ಪಾಕ ಉಳಿಯಿತು.

"ಕರಗೇದ!" ಅಣ್ಣಾರಾಯರು ಕೂಗಿದ್ದು ವರಾಂಡದವರೆಗೂ ಕೇಳಿಸಿತು.

ಆ ಪಾಕ ಸವರಿ ಒಣಗಿಸಿದ ನೂಲನ್ನು ನೇಕಾರ ಮರೆಪ್ಪ ಉಗುರಿನಿಂದ ತಿಕ್ಕಿದ, ಜಗ್ಗಿದ. ಜುಂಗು ಏಳಲಿಲ್ಲ, ಎಳೆ ಹರಿಯಲಿಲ್ಲ. "ನಮ್ಮ ಗಂಜಿಗಿಂತ ಒಂದು ಕೈ ಹೆಚ್ಚ ಅದ" ಎಂದು ಒಪ್ಪಿಕೊಂಡ.

ಆ ಚಳಿಗಾಲ ಅಕ್ಕಲಕೋಟದ ಸಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಡೆಯಿತು. ಅಕ್ಕಲಕೋಟ ಭಾಗಾಬಾಯಿಯ ತವರು. ಅಣ್ಣಾರಾಯರು ಅವಳನ್ನೂ ಬಸ್ಸಿನಲ್ಲಿ ಕರೆದೊಯ್ದು ಮೇಜಿನ ಹಿಂದೆ ನಿಲ್ಲಿಸಿದರು. ಪಾಕವನ್ನು ಗಾಜಿನ ಮೇಲೆ ಹರಡಿ ಒಣಗಿಸಿ ಸುಲಿದ ತೆಳು ಹಾಳೆಯನ್ನು ಅವಳು ಬೆಳಕಿಗೆ ಹಿಡಿದಾಗ, ಆಚೆ ನಿಂತಿದ್ದ ತಂಗಿ ಹುಚ್ಚವ್ವನ ಮುಖ ನಿಚ್ಚಳವಾಗಿ ಕಂಡಿತು.

ಆ ಸಾಲೆಯ ದೊಡ್ಡ ಮಾಸ್ತರರು ಹಾಳೆ ಮುಟ್ಟಿ ನೋಡಿ, ಇದನ್ನು ಮಾಡಿದವರು ಯಾರು ಎಂದು ಅಣ್ಣಾರಾಯರನ್ನು ಮರಾಠಿಯಲ್ಲಿ ಕೇಳಿದರು. ಅಣ್ಣಾರಾಯರು ಭಾಗಾಬಾಯಿಯ ಕಡೆ ಕೈ ತೋರಿಸಿದರು.

ಅವಳು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಂತಳು.

"ನಾ ಮಾಡೀನ್ರಿ" ಅಂದಳು. "ಹೆಂಗ ಅಂತ ಹೇಳ್ತೀನಿ, ಮುಂದ ಬರ್ರಿ."