ಮೊದಲ ಮುಚ್ಚಳ ನೆಲಕ್ಕೆ

ಆಯಿಕ್ವೇ ಕನ್ನಡಕ ಸರಿಮಾಡಿಕೊಂಡು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

"ಇದ್ಯಾರಮ್ಮ? ಮುಖ ನಂದೇ, ಮನುಷ್ಯ ಮಾತ್ರ ಬೇರೆ!"

ಪ್ರಚಾರದ ಕೆಲಸಕ್ಕೆಂದು ರಾಜಧಾನಿ ಅಕ್ರಾದಿಂದ ಬಂದಿದ್ದ ಸೆಲಾಸಿ ನಕ್ಕಳು. ಬಂದರು ಊರು ತೆಮಾದ ಈ ನ್ಯಾನೊ ಔಷಧಿ ಕಂಪನಿ ಮಲೇರಿಯಾ ಮದ್ದನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದು, ಮಕ್ಕಳು ಹಾಲಿನಂತೆ ಕುಡಿಯುವ ಹಾಗೆ ಮಾಡುತ್ತಿತ್ತು. ಈಗ ಅರೆಯುವ ವಿಭಾಗ ನೋಡಿಕೊಳ್ಳುವ ಆಯಿಕ್ವೇಯೂ ಸೇರಿ ತನ್ನ ಮುಖಂಡರ ಪರಿಚಯವನ್ನು ಜಾಲತಾಣದಲ್ಲಿ ಹಾಕಲು ಹೊರಟಿತ್ತು.

"'ಸೂಕ್ಷ್ಮ ಕಣಗಳಲ್ಲಿ ದೀರ್ಘ ಅನುಭವ' ಅಂತ ಹಾಕಿದೀನಿ ಅಂಕಲ್. ಗತ್ತಾಗಿಲ್ವಾ?"

"ಪೇಂಟ್ ಫ್ಯಾಕ್ಟರಿ ಎಲ್ಲಿ ಹೋಯ್ತು?"

"ಅಯ್ಯೋ, ಗೋಡೆಗೆ ಬಳಿಯೋರು ಮಾಡಿದ ಮದ್ದು ಅಂದ್ರೆ ಯಾವ ತಾಯಿ ಕುಡಿಸ್ತಾಳೆ? ಮೇಡಮ್ಮೂ ಬೇಡ ಅಂದ್ರು. ಅವರ ಪರಿಚಯದಲ್ಲೂ ಇಲ್ಲ, ನೋಡಿ."

ನೋಡಿದ. ಡಾಕ್ಟರ್ ಎಸಿ ಬೈಡೂ, ಕಂಪನಿಯ ಮುಖ್ಯಸ್ಥೆ. ಅವಳ ಬದುಕು ಲಂಡನ್ನಿನಿಂದಲೇ ಶುರುವಾಗಿತ್ತು. ಹುಡುಗಿಯ ಮಾತನ್ನು ಹೇಗೋ ನುಂಗಿಕೊಂಡಿದ್ದವನಿಗೆ ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಬಂದರಿನ ರಸ್ತೆಯ ಆ ಪೇಂಟ್ ಕಾರ್ಖಾನೆಯಲ್ಲಿ ಇಬ್ಬರೂ ವರ್ಷಗಟ್ಟಲೆ ಬಣ್ಣ ಅರೆಯುವ ಒಂದೇ ಗಿರಣಿಯ ಮುಂದೆ ನಿಂತವರು. ಉಕ್ಕಿನ ಗುಂಡು ತುಂಬಿದ ಪೀಪಾಯಿ ಗಡಗಡ ಉರುಳುವಾಗ ಮಾತು ಕೇಳದೆ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದರು. ಮಧ್ಯಾಹ್ನ ಹುಳಿ ಬರಿಸಿದ ಮೆಕ್ಕೆಜೋಳದ ಕೆಂಕೆ ಉಂಡೆ ಮುರಿದು ಮೆಣಸಿನ ಗೊಜ್ಜಿಗೆ ಅದ್ದುವಾಗ, ಎಷ್ಟು ತೊಳೆದರೂ ಉಗುರಿನಲ್ಲಿ ನೀಲಿ. ಒಮ್ಮೆ ಎಸಿ ರೆಪ್ಪೆಯನ್ನೇ ಹಸಿರು ಮಾಡಿಕೊಂಡು ಮನೆಗೆ ಹೋಗಿ ತಾಯಿಯಿಂದ ಚೆನ್ನಾಗಿ ಉಗಿಸಿಕೊಂಡಿದ್ದಳು. ಅರೆಯುವುದನ್ನು ಇಬ್ಬರಿಗೂ ಕಲಿಸಿದವನು ಮೇಸ್ತ್ರಿ ಲಾರ್ಯೇ ಅಜ್ಜ. ಹೊಸ ಬಣ್ಣ ಇಳಿದಾಗಲೆಲ್ಲ ಊರವರು ಹಿರಿಯರಿಗೆ ಮದ್ಯ ಎರೆಯುವಂತೆ ಮೊದಲ ಮುಚ್ಚಳ ತುಂಬ ಬಣ್ಣವನ್ನು ಬಾಗಿಲ ಕಲ್ಲಿನ ಮೇಲೆ ಸುರಿದು, ತೀರಿಹೋದ ಕೆಲಸಗಾರರನ್ನು ಹೆಸರು ಹಿಡಿದು ಕರೆಯುತ್ತಿದ್ದ. "ಬೇರೆಯವ್ರ ಹಿರಿಯರಿಗೆ ಜಿನ್ ಬೇಕು, ನಮ್ಮೋರಿಗೆ ಬಣ್ಣಾನೇ ಆಗ್ಬೇಕು," ಎನ್ನುತ್ತಿದ್ದ ಕಿಲಾಡಿ. ಪದರದ ಮೇಲೆ ಪದರ ಕೂತು ಆ ಕಲ್ಲು ಕುಂಬಳಕಾಯಿಯಷ್ಟು ಊದಿತ್ತು.

ಎಂಥ ದಿನಗಳವು! ಕಾರ್ಖಾನೆ ಮುಚ್ಚಿತು, ಅಜ್ಜ ಹೋದ. ಎಸಿ ಲಂಡನ್ನಿನಲ್ಲಿ ಓದಿ ಬಂದವಳು ಮೊದಲು ತಟ್ಟಿದ್ದು ಇವನ ಬಾಗಿಲನ್ನೇ. "ಅಣ್ಣಾ, ಬಣ್ಣ ಅರೆದ ಹಾಗೇ ಮದ್ದು ಅರೀಬೇಕು, ಬಾ," ಎಂದಿದ್ದಳು. ಅಜ್ಜನ ಪದ್ಧತಿಯೂ ಜೊತೆಗೇ ಬಂತು. ಇಲ್ಲಿಯೂ ಪ್ರತಿ ಸಲ ಮದ್ದಿನ ಮೊದಲ ಮುಚ್ಚಳ ಹೊಸಿಲಾಚೆಯ ನೆಲಕ್ಕೇ.

ಮಧ್ಯಾಹ್ನ ಹೊಸ ಮದ್ದು ಇಳಿಯಿತು. ಫೋಟೋ ತೆಗೆಯುವವನು ಸಿದ್ಧನಾಗಿದ್ದ. ಎಸಿ ಬಿಳಿ ಕೋಟು, ಬಿಳಿ ಬೂಟು ಹಾಕಿಕೊಂಡು ಬಂದಳು. ಆಯಿಕ್ವೇ ಮುಚ್ಚಳ ತುಂಬಿಸಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ಬಂದು ಅದನ್ನು ಮೇಜಿನ ಮೇಲಿಟ್ಟುಬಿಟ್ಟ.

"ಯಾಕಣ್ಣಾ, ಸುರಿಯಲ್ವಾ?" ಎಂದಳು ಎಸಿ.

"ಅದು ಪೇಂಟಿನೋರ ಪದ್ಧತಿ ಡಾಕ್ಟ್ರೇ. ಇಲ್ಲಿ ಅಂಥೋರು ಯಾರೂ ಇಲ್ವಂತಲ್ಲ, ಈಗ ತಾನೇ ಓದ್ದೆ."

ಎಸಿಯ ಮುಖ ಸಪ್ಪಗಾಯಿತು. ಅವನು ಅವಳನ್ನು ಡಾಕ್ಟ್ರೇ ಎಂದು ಕರೆದದ್ದು ಅದೇ ಮೊದಲು.

"ದುಡ್ಡು ಹಾಕೋರು ನಕ್ಕುಬಿಟ್ರು ಅಣ್ಣಾ. ಮಕ್ಕಳ ಹೊಟ್ಟೆಗೆ ಎರಡು ಕೋಟ್ ಪೇಂಟ್ ಹೊಡೀತೀರಾ ಅಂದ್ರು. ನಂಗೆ ನಾಚಿಕೆ ಆಗೋಯ್ತು."

"ಅಜ್ಜ ಇದ್ದಿದ್ರೆ ಯಾವ ಬಣ್ಣ ಬೇಕು ಅಂತ ಅವರನ್ನೇ ಕೇಳಿರೋನು," ಎಂದ ಆಯಿಕ್ವೇ. ಗದರಬೇಕೆಂದು ಹೊರಟವನ ದನಿ ನಡುವೆಯೇ ಒಡೆಯಿತು.

ಎಸಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮುಚ್ಚಳ ಎತ್ತಿಕೊಂಡು ಬಾಗಿಲಿಗೆ ಹೋದಳು. "ಲಾರ್ಯೇ ಅಜ್ಜಾ, ತಗೋ. ನಿನ್ನ ಹಸಿರು ರೆಪ್ಪೆ ಹುಡುಗಿ ಕರೀತಿದೀನಿ." ಮದ್ದು ಕೆಮ್ಮಣ್ಣಿಗೆ ಬಿದ್ದು, ಕೆಸರು ಅವಳ ಬೂಟಿಗೆ ಸಿಡಿಯಿತು.

"ಮೇಡಂ, ಬೂಟು ಒರೆಸ್ಕೊಳ್ಳಿ," ಎಂದ ಫೋಟೋದವನು.

"ಹಾಗೇ ತೆಗಿಯಪ್ಪ. ಸೆಲಾಸೀ, ನಮ್ಮಿಬ್ಬರ ಪರಿಚಯದಲ್ಲೂ ಮೊದಲ ಸಾಲು ಪೇಂಟ್ ಫ್ಯಾಕ್ಟರಿ. ದುಡ್ಡು ಹಾಕೋರು ನಕ್ಕರೆ ನಕ್ಕೊಳ್ಳಲಿ."

ಸೆಲಾಸಿ ಆಗಲೇ ಕುರ್ಚಿ ಎಳೆದುಕೊಂಡಿದ್ದಳು. "ಸರಿ ಮೇಡಂ. ಆ ಅಜ್ಜ ಯಾರು, ಹೇಗಿದ್ರು ಅಂತ ಹೇಳಿ ಮೊದ್ಲು."

ಆಯಿಕ್ವೇ, ಎಸಿ ಇಬ್ಬರೂ ಒಟ್ಟಿಗೇ ಹೇಳತೊಡಗಿದರು.