ಉಡ ನುಸುಳಿದ ಮೇಲೆ

ನನ್ನ ಹೆಸರು ಓಗುಲ್‌ಗೆರೆಕ್. ‘ಗಂಡುಮಗು ಬೇಕು’ ಎಂದು ಅದರ ಅರ್ಥ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ನಮ್ಮ ಕಡೆ ಇಡುವ ಹೆಸರು ಇದು. ಹುಟ್ಟಿದಾಗಿನಿಂದ ‘ಬೇಕಾಗಿದ್ದು ನೀನಲ್ಲ’ ಎಂದು ಕರೆಸಿಕೊಂಡು ಬೆಳೆದವಳಿಗೆ ಬಾಯಿ ಸ್ವಲ್ಪ ಜೋರಾಗದೆ ಇರುತ್ತದೆಯೇ? ಕರಾಕುಮ್ ಮರುಭೂಮಿಯ ಈ ಬಾವಿಯ ಸುತ್ತ ಬಾಯಿಬಡುಕಿ ಎಂದರೆ ನಾನೇ ಎಂದು ಎಲ್ಲರಿಗೂ ಗೊತ್ತು. ಆದರೆ ಅಕ್ನಬಾತ್‌ಳ ವಿಷಯದಲ್ಲಿ ಈ ಬಾಯಿ ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ.

ಅಕ್ನಬಾತ್ ನನ್ನ ಓರಗಿತ್ತಿ, ಮೈದುನ ನೆಪೆಸ್‌ನ ಹೆಂಡತಿ. ತೆಜೆನ್ ಊರಿನವಳು. ಮದುವೆಯಾಗಿ ಮೂರು ವರ್ಷವಾಗಿದ್ದರೂ ಅತ್ತೆಯ ಎದುರಿಗೆ ಒಂದು ಮಾತೂ ಆಡಿರಲಿಲ್ಲ. ಆಡುವ ಹಾಗೂ ಇಲ್ಲ. ತಲೆವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಸೊಸೆ ಓಡಾಡಬೇಕು. ಮೊದಲ ಮಗು ಹುಟ್ಟಿದಾಗ ಅತ್ತೆಯೇ ಕೈಯಾರೆ ಆ ತುದಿಯನ್ನು ಬಾಯಿಂದ ಬಿಡಿಸಿ, “ಇನ್ನು ಮಾತಾಡವ್ವ” ಎನ್ನಬೇಕು. ನನಗೆ ಮದುವೆಯಾದ ವರ್ಷವೇ ಬಿಡಿಸಿದರು; ಬಿಡಿಸಿ ತಪ್ಪು ಮಾಡಿದೆ ಎಂದು ಅತ್ತೆ ಈಗಲೂ ನಗುತ್ತಾರೆ. ಅಕ್ನಬಾತ್ ಮಾತ್ರ ಕಾಯುತ್ತಲೇ ಇದ್ದಳು. ನನ್ನ ಹತ್ತಿರ ಒಬ್ಬಳೇ ಇದ್ದಾಗ ಎಷ್ಟು ಮಾತು, ಎಷ್ಟು ಹಾಡು!

ಆ ವಸಂತದಲ್ಲಿ ಮರಳಿನ ಮೇಲೆಲ್ಲ ಕೆಂಪು ಗಸಗಸೆ ಹೂವು ಎದ್ದಿತ್ತು. ಆಮೆಗಳೂ ಎದ್ದಿದ್ದವು. ವರ್ಷದಲ್ಲಿ ಮೂರು ತಿಂಗಳು ತಿಂದು, ಉಳಿದದ್ದನ್ನು ನೆಲದೊಳಗೆ ಮಲಗಿ ಕಳೆಯುವ ಸುಖಜೀವಿಗಳು. ಅತ್ತೆ, ಅಕ್ನಬಾತ್, ನಾನು, ನನ್ನ ಪುಟ್ಟ ಮಗಳು ಜೆರೆನ್ ಸೌದೆಗೆ ಹೊರಟಿದ್ದೆವು. ಅಕ್ನಬಾತ್ ದಾರಿಯುದ್ದಕ್ಕೂ ಒಣಮೊಸರಿನ ಹುಳಿ ಉಂಡೆ ಚೀಪುತ್ತಿದ್ದಳು. ಒಂದು ಮುಗಿದರೆ ಇನ್ನೊಂದು. ಏನೇ ಇದು, ಏನಾದರೂ ವಿಶೇಷವೇ ಎಂದು ಕಿವಿಯಲ್ಲಿ ಕೇಳಿದ್ದಕ್ಕೆ ನನ್ನನ್ನು ಮೊಣಕೈಯಿಂದ ತಿವಿದು ಕೆಂಪಾದಳು.

ದಿಬ್ಬದ ಕೆಳಗೆ ಜೆರೆನ್ ಒಂದು ಆಮೆಯ ಮುಂದೆ ಕುಳಿತು ಅದಕ್ಕೆ ಹೂವು ತಿನ್ನಿಸುತ್ತಿದ್ದಳು. ಅವಳ ಬೆನ್ನ ಹಿಂದೆಯೇ ಉಡದ ಬಿಲವಿತ್ತು. ನಾವು ಯಾರೂ ನೋಡಿರಲಿಲ್ಲ. ಆಮೆಯ ಮೊಟ್ಟೆ ಹುಡುಕಿಕೊಂಡು ಹೊರಗೆ ಹೋಗಿದ್ದ ಉಡ ನಮ್ಮ ಸದ್ದಿಗೆ ಬೆದರಿ ಬಿಲದ ಕಡೆ ಓಡಿ ಬಂತು. ಜೆರೆನ್‌ಗಿಂತ ಉದ್ದದ್ದು, ಗಂಟಲು ಉಬ್ಬಿಸಿ ಬುಸುಗುಡುತ್ತಿತ್ತು. ಅದು ಕಚ್ಚಿದರೆ ಕುರಿಯ ಮೂಳೆಯೂ ಮುರಿಯುತ್ತದೆ. ನನ್ನ ಕೈಯಲ್ಲಿ ಸೌದೆ, ಕಾಲು ನೆಲಕ್ಕೆ ಅಂಟಿಬಿಟ್ಟಿತ್ತು. ಅಕ್ನಬಾತ್ ಜಾರಿಕೊಂಡೇ ಇಳಿದು, ಮಗುವನ್ನು ಎತ್ತಿ ಆಚೆಗೆ ಎಸೆದು, ಆ ಜಾಗದಲ್ಲಿ ತಾನು ಕಾಲೂರಿ ನಿಂತಳು. ಉಡ ಅವಳ ಉದ್ದನೆಯ ಅಂಗಿಯ ಅಂಚಿನ ಕೆಳಗೆ ನುಗ್ಗಿ, ಎರಡು ಕಾಲುಗಳ ನಡುವೆ ನುಸುಳಿ ಬಿಲ ಸೇರಿತು.

ಉಡ ಹೆಂಗಸಿನ ಕಾಲ ನಡುವೆ ನುಸುಳಿದರೆ ಅವಳ ಮಡಿಲು ತುಂಬುವುದಿಲ್ಲ ಎನ್ನುತ್ತಾರೆ ನಮ್ಮಲ್ಲಿ. ಅತ್ತೆ ದಿಬ್ಬದ ಮೇಲಿಂದ ಎಲ್ಲವನ್ನೂ ನೋಡಿದ್ದರು. ಬಂದು ಜೆರೆನ್‌ಳನ್ನು ತಬ್ಬಿದರು. ಅಕ್ನಬಾತ್‌ಳ ಹಣೆಗೆ ಮುತ್ತಿಟ್ಟರು. ಆಮೇಲೆ ಮರಳಿನ ಮೇಲೆ ಕುಸಿದು ಅಳತೊಡಗಿದರು.

“ಮಗು ಉಳೀತಲ್ಲ ಅತ್ತೇ, ಯಾಕೆ ಅಳ್ತೀರಾ?” ಎಂದೆ.

“ನಿನ್ನ ಮಗು ಉಳೀತು ಕಣೇ. ನನ್ನ ನೆಪೆಸ್ ಮನೆ ದೀಪ ಆರಿಹೋಯ್ತು.”

ಅವರು ಕೆಟ್ಟ ಹೆಂಗಸಲ್ಲ. ಅವರ ಸ್ವಂತ ಅಕ್ಕನಿಗೂ ಹೀಗೆಯೇ ಆಗಿ, ಬಂಜೆ ಎನಿಸಿಕೊಂಡೇ ಸತ್ತದ್ದನ್ನು ಕಣ್ಣಾರೆ ಕಂಡವರು. ಒಣಮೊಸರಿನ ಸಂಗತಿ ಹೇಳಿದೆ, ಅವಳು ಬಸುರಿಯೇ ಇರಬಹುದು, ಒಂದು ತಿಂಗಳು ತಡೆಯಿರಿ ಎಂದು ಗೋಗರೆದೆ. ಮೂರು ವರ್ಷ ಇಲ್ಲದ್ದು ಇವತ್ತೇ ಆಯಿತೇ, ಅವಳನ್ನು ಉಳಿಸಿಕೊಳ್ಳಲು ಕಥೆ ಕಟ್ಟಬೇಡ ಎಂದರು. ಹೊಟ್ಟೆ ಉರಿಯುವ ಮಾತೆಂದರೆ ಅಕ್ನಬಾತ್‌ಗೂ ಮೊಸರಿನ ಉಂಡೆಗಿಂತ ಉಡದ ಮೇಲೇ ನಂಬಿಕೆ.

“ಅದರ ಬಾಲ ತಾಗಿದ್ದು ಇನ್ನೂ ತಣ್ಣಗೆ ಕೊರೀತಿದೆ ಅಕ್ಕ,” ಎಂದಳು. “ಅವರಿಗೆ ಮಕ್ಕಳಾಗ್ಲಿ. ನಾನು ಅಡ್ಡ ನಿಲ್ಲಲ್ಲ.”

ಕುರಿಮಂದೆಯ ಜೊತೆ ದೂರದ ಬಾವಿಗೆ ಹೋಗಿದ್ದ ನೆಪೆಸ್ ಬಂದು ಕೂಗಾಡಿದ. ಇದೆಲ್ಲ ಮುದುಕಿಯರ ಮಾತು, ನನ್ನ ಹೆಂಡತಿಯನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದ. ಅತ್ತೆ ವಾದಕ್ಕೆ ಇಳಿಯಲಿಲ್ಲ, ಊಟ ಬಿಟ್ಟರು. ಅವರದು ಉಡದ ಪಟ್ಟು. ತೋಳದ ಎದುರು ಬರಿಗೈಯಲ್ಲಿ ನಿಲ್ಲುವ ನೆಪೆಸ್ ತಾಯಿಯ ಖಾಲಿ ಬಟ್ಟಲಿನ ಎದುರು ನಿಲ್ಲಲಾರದೆ ಹೋದ. ಸ್ವಲ್ಪ ದಿನ ತವರಿನಲ್ಲಿ ಇದ್ದು ಬಾ ಎಂದು ಅವಳನ್ನು ಮೋಟಾರುಬೈಕಿನ ಪಕ್ಕದ ತೊಟ್ಟಿಯಲ್ಲಿ ಕೂರಿಸಿಕೊಂಡು ಹೋದ. ಅವಳು ತಲೆವಸ್ತ್ರ ಕಚ್ಚಿಕೊಂಡೇ ಕುಳಿತಿದ್ದಳು.

ಬಾವಿಗಳಿಗೆ ನೀರಿನ ಟ್ಯಾಂಕರ್ ತರುವವನು ಅವಳ ಸೋದರಮಾವ. ಬೇಸಿಗೆ ಕಳೆಯುವ ಹೊತ್ತಿಗೆ ಅವನೇ ಸುದ್ದಿ ತಂದ: ಅಕ್ನಬಾತ್‌ಗೆ ದಿನ ತುಂಬುತ್ತಾ ಬಂದಿದೆ. ನಾನು ಕೈಯಲ್ಲಿದ್ದ ಹಿಟ್ಟನ್ನು ಒರೆಸಿಕೊಳ್ಳದೆ ಅತ್ತೆಯ ಹತ್ತಿರ ಓಡಿದೆ. ಅವರ ಮುಖ ಒಂದು ಕ್ಷಣ ಅರಳಿದ್ದು ನಿಜ, ನಾನು ನೋಡಿದ್ದೇನೆ. ಆಮೇಲೆ ಮುಚ್ಚಿಕೊಂಡಿತು. ಅಷ್ಟರಲ್ಲಿ ನೆಪೆಸ್‌ಗೆ ಬೇರೆ ಹೆಣ್ಣು ಗೊತ್ತಾಗಿ, ರೊಟ್ಟಿ ಮುರಿದು ಮಾತು ಕೊಟ್ಟಾಗಿತ್ತು.

“ನಮ್ಮದಾಗಿದ್ರೆ ಉಡ ನುಸುಳಿದ ದಿನವೇ ಇಳಿದುಹೋಗ್ತಿತ್ತು,” ಎಂದರು. “ಅದು ನಮ್ಮದಲ್ಲ.”

“ಉಡ ನುಸುಳಿದ್ಮೇಲೆ ಬಸಿರೇ ನಿಲ್ಲಲ್ಲ ಅಂದ್ರೆ, ಬೇರೆಯವನದು ಹೆಂಗೆ ನಿಂತ್ಕೊಂತು? ಅದನ್ನೂ ಹೇಳಿ.”

ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ನೆಪೆಸ್‌ನ ಹತ್ತಿರ ಹೋಗಿ ಅದನ್ನೇ ಹೇಳಿದೆ. “ಅತ್ತಿಗೆ, ನಂಗೆ ಗೊತ್ತು,” ಎಂದ, ಅಷ್ಟೇ. ಚಳಿಗಾಲದಲ್ಲಿ ಮದುವೆಯಾಯಿತು. ಗೊತ್ತಿದ್ದೂ ತಲೆ ತಗ್ಗಿಸುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮತ್ತೆ ಆಮೆಗಳು ಎದ್ದಾಗ ಟ್ಯಾಂಕರ್‌ನಲ್ಲಿ ಅಕ್ನಬಾತ್ ಬಂದಳು. ಕಂಕುಳಲ್ಲಿ ಮಗು, ಹೆಣ್ಣು. ಯಾರೂ ಕರೆದಿರಲಿಲ್ಲ. ಅವಳ ಸೋದರಮಾವ ಟ್ಯಾಂಕರ್ ಖಾಲಿ ಮಾಡುವಷ್ಟು ಹೊತ್ತು ಮಾತ್ರ ಅವಳಿಗೆ ಸಮಯ. ಬಾಗಿಲ ಮುಂದೆ ಬಂದು, ಮಗುವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ನಿಂತಳು. ತಲೆವಸ್ತ್ರದ ತುದಿ ಹಲ್ಲಿನಲ್ಲೇ ಇತ್ತು. ತೆಜೆನ್‌ನಿಂದ ಇಲ್ಲಿಯವರೆಗೂ ಹಾಗೆಯೇ ಕಚ್ಚಿಕೊಂಡು ಬಂದಿದ್ದಳೆಂದು ಮಾವ ಆಮೇಲೆ ಹೇಳಿದ.

ಅತ್ತೆ ಮಗುವನ್ನು ನೋಡಿದರು. ಅವರ ಕೈ ಎದ್ದಿತು. ಇನ್ನೇನು ಆ ತುದಿಯನ್ನು ಬಿಡಿಸುತ್ತಾರೆ ಎಂದುಕೊಂಡೆ. ಕೈ ಹಾಗೆಯೇ ತಿರುಗಿ ಒಳಗಿನ ಕಂಬಳಿಯನ್ನು ತೋರಿಸಿತು. “ದೂರದಿಂದ ಬಂದಿದೀಯ, ಕೂತ್ಕೋ,” ಎಂದರು. ಹೊಸ ಸೊಸೆ ತನ್ನ ತಲೆವಸ್ತ್ರ ಕಚ್ಚಿಕೊಂಡು ಬಂದು ಹಾಸುಬಟ್ಟೆ ಹರಡಿ ರೊಟ್ಟಿ ಇಟ್ಟಳು. ಅತ್ತೆ ತಾವೇ ಚಹಾ ಕಾಯಿಸಿ, ಅಕ್ನಬಾತ್‌ಳ ಮುಂದೆ ಬೇರೆಯದೇ ಒಂದು ಚಹಾಪಾತ್ರೆಯನ್ನು ಇಟ್ಟರು. ಮನೆಯವರೆಲ್ಲ ಒಂದೇ ಪಾತ್ರೆಯಿಂದ ಕುಡಿಯುತ್ತೇವೆ. ಬೇರೆ ಪಾತ್ರೆ ಇಡುವುದು ಅತಿಥಿಗೆ.

ಅಕ್ನಬಾತ್ ಆ ಪಾತ್ರೆಯನ್ನೇ ನೋಡುತ್ತಾ ಕುಳಿತಳು. ಹೊರಗೆ ನೆಪೆಸ್ ನೀರಿನ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು, ತೊಟ್ಟಿ ತುಂಬುವುದನ್ನು ನೋಡುತ್ತಿದ್ದ. ತಿರುಗಲಿಲ್ಲ. ಜೆರೆನ್ ಓಡಿಬಂದು ಮಗುವಿನ ಮುಷ್ಟಿಯಲ್ಲಿ ಒಂದು ಗಸಗಸೆ ಹೂವು ತುರುಕಿದಳು. ಆಮೆಗೆ ಎಂದು ಕಿತ್ತದ್ದಿರಬೇಕು.

ಅಕ್ನಬಾತ್ ಬಾಯಿ ಸಡಿಲಿಸಿದಳು. ತಲೆವಸ್ತ್ರದ ತುದಿ ಒದ್ದೆಯಾಗಿ ಎದೆಯ ಮೇಲೆ ಬಿತ್ತು. ಪರರ ಮನೆಯಲ್ಲಿ ಅದನ್ನು ಕಚ್ಚಿಕೊಳ್ಳುವ ಅಗತ್ಯವಿಲ್ಲ. ಚಹಾ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದು, ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

“ಚಹಾ ಚೆನ್ನಾಗಿದೆ ಅಜ್ಜಿ,” ಎಂದಳು, ದಾರಿಯಲ್ಲಿ ಸಿಕ್ಕ ಯಾರೋ ಮುದುಕಿಗೆ ಹೇಳುವ ಹಾಗೆ. “ನಿಮ್ಮ ಮನೆ ತುಂಬಿರ್ಲಿ.”

ಎದ್ದು, ಮಗುವನ್ನು ಎತ್ತಿಕೊಂಡು ಟ್ಯಾಂಕರ್ ಹತ್ತಿದಳು. ನಾನು ಹಿಂದೆ ಓಡಿ ಒಣಮೊಸರಿನ ಉಂಡೆಗಳ ಗಂಟನ್ನು ಅವಳ ಮಡಿಲಿಗೆ ಹಾಕಿದೆ. ಇಬ್ಬರೂ ಅತ್ತೆವು.

ಒಳಗೆ ಬಂದಾಗ ಅತ್ತೆ ಆ ಚಹಾಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಎಷ್ಟೋ ತಿಂಗಳಾದ ಮೇಲೆ ನನ್ನ ಜೊತೆ ಮಾತಾಡಿದರು.

“ಮೂರು ವರ್ಷ ಇದ್ಲಲ್ಲೇ ನಮ್ಮನೇಲಿ. ಇಷ್ಟು ಇಂಪಾದ ದನಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ನಾನು ಅವರ ಕೈಯಿಂದ ಪಾತ್ರೆಯನ್ನು ತೆಗೆದುಕೊಂಡೆ. ಅದಿನ್ನೂ ಬಿಸಿಯಾಗಿತ್ತು.