ಬಿಸಿಲಿಗಿಟ್ಟ ಪಟ್ಟಿ

ಕೊಯ್ಲಿನ ಕಾಲ. ಬೆಳಗಿನ ಮಂಜು ಇನ್ನೂ ಬೇಲಿ ಬಿಟ್ಟಿರಲಿಲ್ಲ. ಕುಲುಮೆಯಲ್ಲಿ ಆಗಲೇ ಒಂಬತ್ತು ಕುಡುಗೋಲು ಸರದಿ ಕಾಯುತ್ತಿದ್ದವು. ಕಮ್ಮಾರಜ್ಜ ತಿದಿ ಒತ್ತಿ ಬೆಂಕಿಗೆ ಗಾಳಿ ಊದಿ, ಕಾದ ಕಬ್ಬಿಣವನ್ನು ಅಡೆಗಲ್ಲಿನ ಮೇಲಿಟ್ಟು ಬಡಿಯುತ್ತಿದ್ದ. ರಜೆಗೆ ಬಂದಿದ್ದ ಪಕ್ಕದ ಮನೆಯ ಹುಡುಗಿ ಬಾಗಿಲ ಬಳಿ ಮಗುಚಿದ ಬುಟ್ಟಿಯ ಮೇಲೆ ಕೂತು ಅವನ ಕೈಗಳನ್ನು ಬರೆದುಕೊಳ್ಳುತ್ತಿದ್ದಳು. ಪಟ್ಟಣದಲ್ಲಿ ಅವಳು ಕಲಿಯುತ್ತಿದ್ದುದು ಪುಸ್ತಕಗಳಿಗೆ ಚಿತ್ರ ಬರೆಯುವ ವಿದ್ಯೆ. ದಿನಕ್ಕೆ ಇಪ್ಪತ್ತು ಕೈ ಬರೆಯಬೇಕೆಂದು ಮೇಷ್ಟರ ಅಪ್ಪಣೆ.

"ಏನ್ ಮಸಿಬೆರಳು, ಎಷ್ಟಾಯ್ತು?"

"ಹನ್ನೊಂದು ಅಜ್ಜಾ."

"ನಂಗಿರೋದು ಎರಡೇ ಕಣೆ. ಮಿಕ್ಕಿದ್ದು ಯಾರದ್ದು?"

ಕುಡುಗೋಲಿಗೆ ಕಾದು ಕೂತಿದ್ದ ಹೆಂಗಸು ನಕ್ಕಳು. ನಗುತ್ತಲೇ ಅವಳ ಕಣ್ಣು ಗೋಡೆಗೆ ಹೋಯಿತು. "ಅದೇನು, ಬರೀ ಕಾಗದಕ್ಕೆ ಚೌಕಟ್ಟು ಹಾಕ್ಸಿದೀಯಾ?"

"ನಿನ್ನ ಕಣ್ಣಿಗೂ ಪೊರೆ ಬಂತೇನೆ? ಅದು ನನ್ನವಳು. ನಂಗೂ ಈಗೀಗ ಸರಿಯಾಗಿ ಕಾಣಲ್ಲ. ಎರಡು ಸಲ ಕನ್ನಡಕ ಬದಲಾಯಿಸಿದ್ದಾಯ್ತು."

ಹುಡುಗಿಯ ಪೆನ್ಸಿಲ್ ನಿಂತಿತು. ಬಂದು ನಾಲ್ಕು ದಿನವಾಗಿತ್ತು; ನಾಲ್ಕು ದಿನವೂ ಆ ಗೋಡೆಗೆ ಬೆನ್ನು ಕೊಟ್ಟೇ ಕೂತಿದ್ದಳು.

ಹೋದ ಕೊಯ್ಲಿನಲ್ಲಿ ಅಜ್ಜಿ ಬದುಕಿದ್ದಳು. ಕ್ಯಾಮೆರಾ ಕಂಡರೆ ಒಳಗೆ ಓಡುವ ಹೆಂಗಸು, ಇವಳ ಮುಂದೆ ಮಾತ್ರ ಮೂರು ಮಧ್ಯಾಹ್ನ ಅಲ್ಲಾಡದೆ ಕೂತಳು. ಆಗ ಹುಡುಗಿಗೆ ಶಾಯಿ ಕುದಿಸುವ ಹುಚ್ಚು. ಈರುಳ್ಳಿ ಸಿಪ್ಪೆ, ತುಕ್ಕು ಮೊಳೆ, ಬೇಲಿಯ ಹೂವು, ಸಿಕ್ಕಿದ್ದೆಲ್ಲ ಪಾತ್ರೆಗೆ ಬೀಳುತ್ತಿತ್ತು. ಹೂವಿನ ನೇರಳೆಗೆ ಸಾಟಿಯೇ ಇರಲಿಲ್ಲ; ಅಜ್ಜಿಯನ್ನು ಬರೆದದ್ದೂ ಅದರಲ್ಲೇ. ಹೊಸ ಬಣ್ಣವನ್ನು ಮೊದಲು ಒಂದು ಪಟ್ಟಿ ಕಾಗದಕ್ಕೆ ಬಳಿದು, ಅರ್ಧವನ್ನು ರಟ್ಟಿನಲ್ಲಿ ಮುಚ್ಚಿ ಬಿಸಿಲಿಗಿಡಬೇಕು. ಬಿಸಿಲು ತಡೆಯದ್ದನ್ನು ಯಾರಿಗೂ ಕೊಡಬಾರದು. ಅದು ಮೇಷ್ಟರ ಮೊದಲ ಪಾಠ. ಅವಳೂ ಕಿಟಕಿಯಲ್ಲಿಟ್ಟಿದ್ದಳು. ಹದಿನೈದನೆಯ ದಿನ ರಟ್ಟು ಎತ್ತಿದರೆ ಬಿಸಿಲು ಕಂಡ ಅರ್ಧ ಹಳೆಯ ಬಟ್ಟೆಯಂತೆ ಬಿಳುಚಿತ್ತು. ಅಷ್ಟರಲ್ಲಿ ಚಿತ್ರ ಮುಗಿದಿತ್ತು. "ನಾನು ಇಷ್ಟು ಚೆನ್ನಾಗಿದ್ದೀನೇನೇ?" ಎಂದು ಅಜ್ಜಿ ಕೇಳಿಯೂ ಆಗಿತ್ತು. ಹುಡುಗಿ ಪಟ್ಟಿಯನ್ನು ಪುಸ್ತಕದೊಳಗೆ ತುರುಕಿ ಚಿತ್ರ ಕೊಟ್ಟುಬಿಟ್ಟಳು. ಬದಲಿಗೆ ಅಜ್ಜ ಪೆನ್ಸಿಲ್ ಹೆರೆಯಲು ಒಂದು ಚಾಕು ಮಾಡಿಕೊಟ್ಟ. ಅಜ್ಜಿ ಮುಂದಿನ ಮಳೆ ಕಾಣಲಿಲ್ಲ.

ಹೆಂಗಸು ಕುಡುಗೋಲು ತೆಗೆದುಕೊಂಡು ಹೋದಳು. ಹುಡುಗಿ ಎದ್ದಳು. ವರ್ಷವಿಡೀ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಸಿಕೊಂಡು ಬಂದಿದ್ದ ಆ ಪಟ್ಟಿಯನ್ನು ಅಡೆಗಲ್ಲಿನ ಮೇಲಿಟ್ಟಳು.

"ಅಜ್ಜಾ, ನಿನ್ನ ಕಣ್ಣು ಸರಿಯಾಗೇ ಇದೆ. ಬಣ್ಣ ಹೋಗಿದೆ. ಹೋಗುತ್ತೆ ಅಂತ ಕೊಡೋಕೆ ಮುಂಚೇನೇ ನಂಗೊತ್ತಿತ್ತು."

ಅಜ್ಜ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದ. ಬೈಯಲಿಲ್ಲ.

"ಹೇಳಿದ್ರೆ ಇನ್ನೊಂದ್ಸಲ ಕೂರ್ತಿದ್ಲಲ್ಲೇ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗಿ ಚಿತ್ರವನ್ನು ಗೋಡೆಯಿಂದ ಇಳಿಸಿದಳು. ಅವಳೇ ಚೌಕಟ್ಟು ಬಿಚ್ಚಿದಳು. ಓರೆ ಬೆಳಕಿಗೆ ಹಿಡಿದಾಗ ಕಾಗದದಲ್ಲಿ ಸಣ್ಣ ಗೀರುಗಳು ಕಂಡವು. ಬಣ್ಣಕ್ಕೆ ಮುಂಚೆ ಎಳೆದು ಅಳಿಸಿದ್ದ ಪೆನ್ಸಿಲ್ ಗೆರೆಗಳ ಗುರುತು. "ಪೆನ್ಸಿಲ್ ಹಿಡಿದಿದ್ದೀಯೋ, ಗುದ್ದಲಿಯೋ?" ಎಂದು ಮೇಷ್ಟರು ಬೈಯುತ್ತಿದ್ದ ಭಾರದ ಕೈ ಅವಳದು.

"ಇದ್ದಿಲ ಪುಡಿ ಸವರಿದ್ರೆ ಒತ್ತಿದ ಗೆರೆ ಬೆಳ್ಳಗೆ ಉಳ್ಕೊಂಡು ಸ್ವಲ್ಪ ಕಾಣಬಹುದು ಅಜ್ಜಾ. ಕೆಟ್ಟರೂ ಕೆಡಬಹುದು."

"ಇನ್ನೇನು ಕೆಡೋದಿದೆ? ಸವರು."

ಕುಲುಮೆಯ ಇದ್ದಿಲನ್ನೇ ಅರೆದು, ಬಟ್ಟೆಯನ್ನು ಅದರಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಸವರಿದಳು. ಕಪ್ಪಿನೊಳಗಿಂದ ಬಿಳಿಯ ಗೆರೆಯಲ್ಲಿ ಹಣೆ ಬಂತು, ಮೂಗು ಬಂತು, ಒಂದು ಕಡೆ ಸೊಟ್ಟಗಾಗುವ ತುಟಿ ಬಂತು. ಕಣ್ಣಿನ ಜಾಗ ಮಾತ್ರ ಬರೀ ಕಪ್ಪು. ಕಣ್ಣುಗಳನ್ನು ಅವಳು ಪೆನ್ಸಿಲ್ ಮುಟ್ಟಿಸದೆ ನೇರ ಕುಂಚದಲ್ಲಿ ಬರೆದಿದ್ದಳು, ಜಂಬಕ್ಕೆ.

"ನೀನು ನೋಡಿದ್ದೆಯಲ್ಲ," ಎಂದ ಅಜ್ಜ. "ಬರಿ."

ಇದ್ದಿಲ ತುಂಡು ಕಾಗದದವರೆಗೆ ಹೋಗಿ ನಿಂತಿತು. ಆ ಮೂರು ಮಧ್ಯಾಹ್ನ ಅವಳು ನೋಡಿದ್ದು ನೇರಳೆಯನ್ನು.

"ನೆನಪಿಲ್ಲ ಅಜ್ಜಾ."

ಅಜ್ಜ ಚಿತ್ರವನ್ನು ಹಾಗೇ ಚೌಕಟ್ಟಿಗೆ ಸೇರಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿದ. ಹುಡುಗಿ ಚಾಕು ತೆಗೆದು ಅಡೆಗಲ್ಲಿನ ಮೇಲಿಟ್ಟಳು. "ಇದು ನಂಗೆ ಸಲ್ಲೋದಲ್ಲ."

ಅವನು ಅಲಗಿನ ಮೇಲೆ ಹೆಬ್ಬೆರಳಾಡಿಸಿ, "ಮೊಂಡಾಗಿದೆ," ಎಂದ. ಸಾಣೆಕಲ್ಲಿಗೆ ನೀರು ಚಿಮುಕಿಸಿ ನಿಧಾನವಾಗಿ ಮಸೆದು, ಬಟ್ಟೆಯಲ್ಲಿ ಒರೆಸಿ, ಅವಳ ಕೈಯಲ್ಲೇ ಇಟ್ಟ.

"ತಿದಿ ಒತ್ತು. ಇನ್ನೂ ಎಂಟು ಕುಡುಗೋಲಿದೆ."